ಏನೂ ಕೇಳಬಾರದ ಕೋಣೆ

ಕೊಡೆಯಪ್ಪನ ನಾಲಗೆ ಜಾರಿದ್ದು ಫೋನಿನಲ್ಲಿ. ಎದುರಿಗೇ ಇದ್ದಿದ್ದರೆ ಅಕ್ಕ ಅವನ ಮುಖ ನೋಡಿಯೇ ಸುಳ್ಳಿನ ಕಿವಿ ಹಿಡಿದು ನಿಲ್ಲಿಸುತ್ತಿದ್ದಳು, ಈ ಕಥೆಯೂ ಅಲ್ಲಿಗೇ ಮುಗಿಯುತ್ತಿತ್ತು.

ಕೊಡೆಯಪ್ಪ ಅನ್ನುವುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬಸ್ ನಿಲ್ದಾಣದಲ್ಲಿ ಪ್ರಯಾಣಿಕರು ಬಿಟ್ಟುಹೋದ ಸಾಮಾನುಗಳ ಕೌಂಟರಿನಲ್ಲಿ ಅವನಿಗೆ ಕೆಲಸ. ಜನ ಬಿಟ್ಟುಹೋಗುವುದರಲ್ಲಿ ಮುಕ್ಕಾಲು ಪಾಲು ಕೊಡೆಗಳೇ ಆದ್ದರಿಂದ ಸಹೋದ್ಯೋಗಿಗಳು ಆ ಹೆಸರಿಟ್ಟರು. ಅದು ಹೇಗೋ ಮನೆಯ ಬೀದಿಯವರೆಗೂ ಬಂದು ನೆಲೆಸಿತು. ದಿನವಿಡೀ ಪ್ರಶ್ನೆ ಕೇಳುವುದೇ ಅವನ ಉದ್ಯೋಗ. ಕೊಡೆ ಯಾವ ಬಣ್ಣ, ಹಿಡಿ ಮರದ್ದೋ ಪ್ಲಾಸ್ಟಿಕ್ಕಿನದೋ, ಎಷ್ಟು ಕಡ್ಡಿ ಮುರಿದಿದ್ದವು. ಉತ್ತರ ಸರಿಬಂದರೆ ಕೊಡೆ, ಇಲ್ಲದಿದ್ದರೆ ಇಲ್ಲ.

ಅವನ ಮಗಳು ಪುಟ್ಟಿಗೆ ಹದಿನಾರು ವರ್ಷ. ಅವಳಿಗೆ ಯಾರು ಏನು ಕೇಳಿದರೂ ಗಂಟಲು ಕಟ್ಟುತ್ತಿತ್ತು. ಮನೆಯೊಳಗೆ ಅವಳ ಮಾತು ನಿಲ್ಲಿಸಲು ಅಮ್ಮ ಅಡುಗೆಮನೆಯಿಂದ ಸೌಟು ತೋರಿಸಬೇಕಾಗುತ್ತಿತ್ತು. ಹೊಸ್ತಿಲು ದಾಟಿದಳೋ, ಬಾಯಿಗೆ ಬೀಗ. ಎಷ್ಟು ಅಂಕ ಬಂತು, ಯಾಕೆ ಇಷ್ಟು ಸಣ್ಣಗಿದೀಯ, ಯಾಕೆ ಮಾತಾಡಲ್ಲ ಎಂದು ಕೇಳುವವರು ಹೆಚ್ಚಾದಂತೆಲ್ಲ ಅವಳು ಹೊರಗೆ ಹೋಗುವುದೇ ಕಡಿಮೆಯಾಯಿತು. ಸ್ನೇಹಿತರು ಅಂತ ಒಬ್ಬರೂ ಇರಲಿಲ್ಲ.

ಇದು ಬೇರೆ ಊರಿನಲ್ಲಿದ್ದ ಅಕ್ಕನ ಕಿವಿಗೆ ಬಿತ್ತು. ಅಕ್ಕ ನಿವೃತ್ತ ಮುಖ್ಯೋಪಾಧ್ಯಾಯಿನಿ. ನಿವೃತ್ತಿಯಾಗಿದ್ದು ಸಂಬಳಕ್ಕೆ ಮಾತ್ರ.

"ನೋಡು ತಮ್ಮಾ, ಇಲ್ಲೊಂದು ವಸತಿ ಶಾಲೆ ಇದೆ. ಬೆಳಿಗ್ಗೆ ಎದ್ದ ಕೂಡಲೇ ಮಕ್ಕಳನ್ನ ವೇದಿಕೆ ಮೇಲೆ ನಿಲ್ಲಿಸಿ ಮಾತಾಡಿಸ್ತಾರೆ. ಪುಟ್ಟಿನ ಸೇರಿಸ್ತೀನಿ," ಎಂದಳು ಫೋನಿನಲ್ಲಿ.

ಎದ್ದ ಕೂಡಲೇ ವೇದಿಕೆ ಎಂದದ್ದು ಕೇಳಿ ಕೊಡೆಯಪ್ಪ ಕೂತಲ್ಲಿಂದ ಎದ್ದು ನಿಂತ. ಹುಡುಗಿ ಅಲ್ಲಿ ಉಳಿದಿರುವ ಮಾತನ್ನೂ ಕಳೆದುಕೊಳ್ಳುತ್ತಾಳೆ ಎಂದು ಅವನಿಗೆ ಗೊತ್ತು. ಅಕ್ಕನಿಗೆ ಎದುರು ಹೇಳುವುದು ಹೇಗೆ ಅನ್ನುವುದು ಮಾತ್ರ ಗೊತ್ತಿಲ್ಲ.

"ಬೇಡ ಅಕ್ಕಾ. ಅವಳಿಗೆ ಇಲ್ಲಿ ಸ್ನೇಹಿತರು ಇದ್ದಾರೆ."

"ಎಲ್ಲಿದ್ದಾರೆ?"

"ಸಂಘದಲ್ಲಿ."

"ಯಾವ ಸಂಘ?"

"ಹವ್ಯಾಸದ ಸಂಘ. ಹುಡುಗ ಹುಡುಗೀರು ಶನಿವಾರ ಸೇರ್ತಾರೆ. ನಾನೇ ನಡೆಸೋದು."

"ನೀನು? ಯಾವ ಹವ್ಯಾಸ?"

ಕೊಡೆಯಪ್ಪನ ಕಣ್ಣು ಕೌಂಟರಿನ ಎದುರಿನ ಕಪಾಟಿನ ಮೇಲೆ ಓಡಾಡಿತು. ಆ ವಾರ ಯಾರೂ ಕೇಳಿಕೊಂಡು ಬರದೆ ಉಳಿದಿದ್ದ ವಸ್ತುಗಳು ಕೊಡೆಗಳು, ಒಂದು ಹಲ್ಲುಸೆಟ್ಟು ಮತ್ತು ಒಂದು ಮೂಟೆ ಉಣ್ಣೆ ದಾರ. ಕೊಡೆ ಹಿಡಿಯುವುದು ಹವ್ಯಾಸವಾಗುವುದಿಲ್ಲ. ಹಲ್ಲುಸೆಟ್ಟು ಹಂಚಿಕೊಳ್ಳುವಂಥದ್ದಲ್ಲ.

"ಹೆಣಿಗೆ," ಎಂದ.

"ನಿಂಗೆ ಹೆಣಿಗೆ ಬರುತ್ತಾ?"

"ಜನ ನನ್ನ ತಜ್ಞ ಅಂತಾರೆ."

"ಯಾವ ಜನ?"

ಹೊರಗೆ ಬಸ್ಸೊಂದು ಹಾರ್ನ್ ಹೊಡೆದು ಅವನ ಮಾನ ಉಳಿಸಿತು. ಹಾರ್ನ್ ನಿಂತ ಮೇಲೆ ಅಕ್ಕ ತೀರ್ಪು ಕೊಟ್ಟಳು. "ಮುಂದಿನ ತಿಂಗಳು ಬರ್ತೀನಿ. ನಿನ್ನ ಸಂಘವನ್ನೇ ನೋಡ್ತೀನಿ. ಹುಡುಗಿ ನಾಲ್ಕು ಜನರ ಜೊತೆ ಮಾತಾಡ್ತಾ ಕೂತಿದ್ರೆ ಅಲ್ಲೇ ಇರಲಿ. ಇಲ್ಲ ಅಂದ್ರೆ ನಾನು ಪೆಟ್ಟಿಗೆ ಸಮೇತ ಬಂದಿರ್ತೀನಿ."

ಹೀಗೆ ಸಂಘದ ಸ್ಥಾಪನೆಯಾಯಿತು. ಇನ್ನು ಬೇಕಾಗಿದ್ದದ್ದು ಜಾಗ, ಸದಸ್ಯರು ಮತ್ತು ವಿದ್ಯೆ.

ವಿದ್ಯೆಗೆ ಅವನು ಒಬ್ಬ ಕಂಡಕ್ಟರಮ್ಮನ ಮೊರೆಹೋದ. ಆಕೆ ಟ್ರಿಪ್ಪಿಗೂ ಟ್ರಿಪ್ಪಿಗೂ ನಡುವೆ ನಿಲ್ದಾಣದ ಬೆಂಚಿನ ಮೇಲೆ ಕೂತು ಸ್ವೆಟರ್ ಹೆಣೆಯುತ್ತಿದ್ದಳು. ಕುಣಿಕೆ ಹಾಕುವುದು ಹೇಗೆ, ಸಾಲು ತಿರುಗಿಸುವುದು ಹೇಗೆ ಎಂದು ತಾಳ್ಮೆಯಿಂದ ತೋರಿಸಿದಳು. ಮುಗಿಸುವ ಪಾಠ ಬರುವ ಹೊತ್ತಿಗೆ ಡ್ರೈವರ್ ಎಂಜಿನ್ ಚಾಲೂ ಮಾಡಿದ. "ಮುಗಿಸೋದು ನಾಳೆ ಹೇಳ್ತೀನಿ ಸಾರ್," ಎಂದು ಸೀಟಿ ಊದಿಕೊಂಡು ಹತ್ತಿದವಳಿಗೆ ಮಾರನೆಯ ದಿನ ಬೇರೆ ಡಿಪೋಗೆ ವರ್ಗವಾಯಿತು. ಶುರುಮಾಡುವುದೂ ಮುಂದುವರಿಸುವುದೂ ಬಂದಮೇಲೆ ಮುಗಿಸುವುದು ಎಷ್ಟರ ವಿದ್ಯೆ ಎಂದು ಕೊಡೆಯಪ್ಪ ಸಮಾಧಾನ ಮಾಡಿಕೊಂಡ. ಉಣ್ಣೆ ಮೂಟೆಯನ್ನು ಕಾದಿರಿಸುವ ಅವಧಿ ತೀರಿದ್ದರಿಂದ ಮೇಲಧಿಕಾರಿಗಳೂ ಸಂತೋಷದಿಂದ ತೆಗೆದುಕೊಂಡು ಹೋಗೆಂದರು. ಹಲ್ಲುಸೆಟ್ಟನ್ನೂ ಕೊಡಬಂದರು. ಬೇಡವೆಂದ.

"ರೀ, ಷರ್ಟಿನ ಗುಂಡಿ ಹೊಲಿಯೋಕೆ ಬರಲ್ಲ ನಿಮಗೆ," ಎಂದಳು ಹೆಂಡತಿ.

"ಇದು ಹೊಲಿಗೆ ಅಲ್ಲ ಕಣೆ, ಹೆಣಿಗೆ."

"ಅದೂ ಸರಿ. ಬರದೇ ಇರೋದು ಒಂದೇ ಯಾಕಿರಬೇಕು."

ಜಾಗ ಕೊಟ್ಟವನು ಬೀದಿಯ ಲಾಂಡ್ರಿಯವನು. ಅಂಗಡಿಯ ಹಿಂದೆ ಬಟ್ಟೆಯ ಗಂಟು ಇಡುತ್ತಿದ್ದ ಕೋಣೆಯಿತ್ತು. ಇಸ್ತ್ರಿಯ ಶಾಖದಿಂದ ಯಾವಾಗಲೂ ಬೆಚ್ಚಗೆ, ಮೆಟ್ಟಿಲು ಇಲ್ಲ, ಬಾಗಿಲು ಅಗಲ. ಎಲ್ಲ ಸರಿಹೋಯಿತು ಅನ್ನುವಾಗ ಪುಟ್ಟಿ ಒಂದು ಷರತ್ತು ಹಾಕಿದಳು.

"ಬರ್ತೀನಿ ಅಪ್ಪಾ. ಆದ್ರೆ ಅಲ್ಲಿ ಯಾರೂ ನನ್ನ ಏನೂ ಕೇಳಬಾರದು."

ಕೊಡೆಯಪ್ಪ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವನಲ್ಲ, ಅತಿಯಾಗಿ ಮಾಡಿ ಕೆಡಿಸುವವನು. ಮಗಳೊಬ್ಬಳಿಗೇ ಅಂತ ನಿಯಮ ಮಾಡಿದರೆ ಎಲ್ಲರೂ ಅವಳನ್ನೇ ನೋಡುತ್ತಾರಲ್ಲ ಎಂದು ಹಲಗೆಯ ಮೇಲೆ ದಪ್ಪಕ್ಷರದಲ್ಲಿ, 'ಇಲ್ಲಿ ಯಾರೂ ಯಾರನ್ನೂ ಏನೂ ಕೇಳಬಾರದು' ಎಂದು ಬರೆದು ಕೋಣೆಯ ಬಾಗಿಲಿಗೆ ತೂಗುಹಾಕಿದ. ಕೆಳಗೆ ಸಣ್ಣಕ್ಷರದಲ್ಲಿ, 'ಶನಿವಾರ ಸಂಜೆ. ಯುವಕ ಯುವತಿಯರಿಗೆ' ಎಂದು ಬರೆದ. ಹೆಣಿಗೆ ಎಂದು ಬರೆಯಲು ಹಲಗೆಯಲ್ಲಿ ಜಾಗ ಉಳಿಯಲಿಲ್ಲ.

ಇಂಥ ಬೋರ್ಡು ನೋಡಿ ಯಾರು ಬರುತ್ತಾರೆ ಎಂದು ಲಾಂಡ್ರಿಯವನು ನಕ್ಕ. ಆದರೆ ಬೋರ್ಡು ನೋಡಿಯೇ ಬಂದರು. ಮೊದಲು ಬಂದವನು ಬೀದಿಯ ಉದ್ದನೆಯ ಹುಡುಗ. ಬಾಗಿಲಲ್ಲಿ ಬಗ್ಗಿ ನಿಂತು ಎರಡು ಸಲ ಓದಿದ.

"ಅಂಕಲ್, ಎತ್ತರ ಎಷ್ಟು ಅಂತಾನೂ ಕೇಳಲ್ವಾ?"

ಕೊಡೆಯಪ್ಪ ಬೋರ್ಡು ತೋರಿಸಿದ. ಹುಡುಗ ನಿಟ್ಟುಸಿರು ಬಿಟ್ಟು ಒಳಗೆ ಬಂದು ಕೂತ. ಆಮೇಲೆ ಗಾಲಿಕುರ್ಚಿಯ ಹುಡುಗಿ ಬಂದಳು. ಕಾಲಿಗೇನಾಯಿತು ಎಂದು ಬಸ್ಸಿನಲ್ಲಿ, ಅಂಗಡಿಯಲ್ಲಿ, ಕೊನೆಗೆ ಹಲ್ಲಿನ ಡಾಕ್ಟರೂ ಕೇಳಿ ಕೇಳಿ ಆಕೆಗೆ ಸಾಕಾಗಿಹೋಗಿತ್ತು. ಒಂದೇ ಪರೀಕ್ಷೆಯನ್ನು ಮತ್ತೆ ಮತ್ತೆ ಬರೆಯುತ್ತಿದ್ದ ಒಬ್ಬ, ವಾರದಲ್ಲಿ ಅರ್ಧ ಅಪ್ಪನ ಮನೆ ಅರ್ಧ ಅಮ್ಮನ ಮನೆ ಎಂದು ಚೀಲ ಹೊತ್ತು ತಿರುಗುತ್ತಿದ್ದ ಇನ್ನೊಬ್ಬಳು ಕೂಡಿಕೊಂಡರು. ಎಲ್ಲರೂ ಉಣ್ಣೆ ಉಂಡೆ ಹಿಡಿದು, ಕೊಡೆಯಪ್ಪ ತೋರಿಸಿದಂತೆ ಕುಣಿಕೆ ಹಾಕಿ, ಹೆಣೆಯತೊಡಗಿದರು.

ಪ್ರಶ್ನೆಯಿಲ್ಲದ ಮಾತು ಎಂಥದ್ದು ಎಂದು ಆ ಕೋಣೆಯಲ್ಲಿ ನೋಡಬೇಕಿತ್ತು. "ನನ್ನ ನೀಲಿ ದಾರ ಮುಗೀತು," ಎಂದು ಒಬ್ಬಳು ಗೋಡೆಗೆ ಹೇಳಿದರೆ ಎದುರಿನಿಂದ ನೀಲಿ ಉಂಡೆ ಉರುಳಿ ಬರುತ್ತಿತ್ತು. "ಇವತ್ತು ಅಮ್ಮನ ಮನೆ ದಿನ," ಎಂದು ಇನ್ನೊಬ್ಬಳು ಅಂದರೆ ಯಾರೂ ಯಾಕೆ ಏನು ಅನ್ನದೆ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಿದ್ದರು. ಪುಟ್ಟಿ ಮೊದಲ ಶನಿವಾರ ಗೋಡೆ ಕಡೆ ಮುಖ ಮಾಡಿ ಕೂತಳು. ಎರಡನೆಯ ಶನಿವಾರ ಗೋಡೆಗೆ ಬೆನ್ನು ಮಾಡಿದಳು. ಮೂರನೆಯದರಲ್ಲಿ ಉದ್ದನೆಯ ಹುಡುಗ ಎದ್ದಾಗ ತಲೆ ದೀಪಕ್ಕೆ ಬಡಿದದ್ದು ನೋಡಿ ನಕ್ಕಳು. ಮಾತು ಮಾತ್ರ ಇನ್ನೂ ಬಂದಿರಲಿಲ್ಲ.

ಆದರೆ ಹೆಣಿಗೆಗೆ ಒಂದು ಕಾಯಿಲೆ ಹತ್ತಿತ್ತು. ಅದು ನಿಲ್ಲುತ್ತಿರಲಿಲ್ಲ. ಎಲ್ಲರದೂ ಮಫ್ಲರೇ. ಹುಡುಗನ ಮಫ್ಲರು ಅವನ ಎತ್ತರವನ್ನು ದಾಟಿ ಕುರ್ಚಿಗೆ ಸುತ್ತು ಹಾಕಿ ನೆಲಕ್ಕಿಳಿಯಿತು. ಪುಟ್ಟಿಯ ಹಸಿರು ಮಫ್ಲರು ಮೇಜಿನ ಕೆಳಗೆ ಸುರುಳಿ ಸುತ್ತಿ ಮಲಗಿತು. ಮುಗಿಸುವುದು ಹೇಗೆ ಎಂದು ಯಾರೂ ಕೇಳಲಿಲ್ಲ, ಕೇಳುವಂತಿರಲಿಲ್ಲ. ತಜ್ಞರದೇ ಎಲ್ಲರದಕ್ಕಿಂತ ಉದ್ದವಾಗಿರುವುದನ್ನು ನೋಡಿ ಹೆಣಿಗೆಯ ಶಾಸ್ತ್ರವೇ ಹೀಗಿರಬೇಕು ಎಂದುಕೊಂಡರು. ಕೊಡೆಯಪ್ಪ ತನ್ನದನ್ನು ಬಟ್ಟೆಯ ಬುಟ್ಟಿಗೆ ತುಂಬಿಕೊಂಡು ಗಂಭೀರವಾಗಿ ಮುಂದುವರಿಸುತ್ತಿದ್ದ. ತನ್ನನ್ನು ಕಾಪಾಡುತ್ತಿರುವುದು ಬಾಗಿಲಿನ ಬೋರ್ಡು ಅನ್ನುವುದು ಅವನಿಗೊಬ್ಬನಿಗೇ ಗೊತ್ತಿತ್ತು.

ಒಳಗೆ ಹೀಗೆ ಶಾಂತಿ ನೆಲೆಸಿರುವಾಗ ಹೊರಗೆ ಬೀದಿಗೆ ನಿದ್ದೆ ಹತ್ತಲಿಲ್ಲ.

ಎದುರಿನ ಕ್ಷೌರದಂಗಡಿಯವನು ಬೀದಿಯ ಸುದ್ದಿಗೆಲ್ಲ ವಾರಸುದಾರ. ಹುಡುಗ ಹುಡುಗಿಯರು ಚೀಲ ಹಿಡಿದು ಒಳಗೆ ಹೋಗುತ್ತಾರೆ, ಬಾಗಿಲು ಮುಚ್ಚುತ್ತದೆ, ಹಾಡಿಲ್ಲ, ಗದ್ದಲವಿಲ್ಲ, ಜಗಳವಂತೂ ಇಲ್ಲವೇ ಇಲ್ಲ. ಹೊರಗೆ ಬರುವಾಗ ಮುಖದಲ್ಲಿ ಕಳೆ. ಉದ್ದನೆಯ ಹುಡುಗ ಕೂದಲು ಕತ್ತರಿಸಿಕೊಳ್ಳಲು ಬಂದಾಗ ಕುರ್ಚಿ ಪೂರ್ತಿ ಕೆಳಗಿಳಿಸಿ, ಕತ್ತರಿಯನ್ನು ಕಿವಿಯ ಹತ್ತಿರ ಹಿಡಿದು ಕೇಳಿದ.

"ಒಳಗೆ ಏನಪ್ಪಾ ಮಾಡ್ತೀರಿ?"

ಗಂಡು ಹುಡುಗ ಮಫ್ಲರ್ ಹೆಣೆಯುತ್ತೇನೆ ಎಂದು ಕ್ಷೌರದಂಗಡಿಯಲ್ಲಿ ಹೇಳುವುದು ಸಾಧ್ಯವೇ. "ಅಲ್ಲಿ ಅದನ್ನೆಲ್ಲ ಕೇಳೋ ಹಾಗಿಲ್ಲ ಅಣ್ಣಾ," ಎಂದ.

"ಯಾರು ಹಾಗಂದಿದ್ದು?"

"ಕೊಡೆಯಪ್ಪ ಅಂಕಲ್."

ಕತ್ತರಿ ಗಾಳಿಯಲ್ಲೇ ನಿಂತಿತು. ಹುಡುಗನ ಅರ್ಧ ತಲೆ ಮುಗಿಯುವಷ್ಟರಲ್ಲಿ ಕೊಡೆಯಪ್ಪ ಮೌನದ ಪಂಥವೊಂದರ ಗುರುವಾಗಿದ್ದ. ಇನ್ನರ್ಧ ಮುಗಿಯುವಷ್ಟರಲ್ಲಿ ಸುದ್ದಿ ಔಷಧಿ ಅಂಗಡಿ ದಾಟಿತ್ತು.

ಬೀದಿ ಎರಡು ಪಕ್ಷವಾಯಿತು. ಒಂದು ಪಕ್ಷ ಅವನನ್ನು ಕಂಡರೆ ಮಕ್ಕಳನ್ನು ಒಳಗೆ ಎಳೆದುಕೊಂಡಿತು. ಇನ್ನೊಂದು ಪಕ್ಷ ಕೈಮುಗಿಯತೊಡಗಿತು. ಔಷಧಿ ಅಂಗಡಿಯವನು ತಲೆನೋವಿನ ಮಾತ್ರೆಗೆ ಹಣವನ್ನೇ ತೆಗೆದುಕೊಳ್ಳಲಿಲ್ಲ. "ನಿಮ್ಮಂಥವರಿಗೂ ತಲೆನೋವು ಬರುತ್ತಾ?" ಎಂದು ಮೆಲ್ಲಗೆ ಕೇಳಿದ. ಹಿಂದಿನ ಬೀದಿಯ ಒಬ್ಬ ತಾಯಿ ಹತ್ತು ವರ್ಷದ ಮಗನನ್ನು ಕೈಹಿಡಿದು ಎಳೆತಂದು ಕೊಡೆಯಪ್ಪನ ಮನೆ ಬಾಗಿಲಲ್ಲಿ ನಿಂತಳು.

"ಸ್ವಾಮೀ, ಇವನ ಬಾಯಿ ನಿಲ್ಲಿಸಿ ಕೊಡಬೇಕು."

"ಯಾಕಮ್ಮಾ?"

"ಹುಟ್ಟಿದಾಗಿಂದ ಪ್ರಶ್ನೆ. ಆಕಾಶ ಯಾಕೆ, ನೆಲ ಯಾಕೆ, ನೀನು ಯಾಕೆ. ಅವರಪ್ಪ ರಾತ್ರಿ ಪಾಳಿ ಕೇಳಿ ಹಾಕಿಸಿಕೊಂಡು ಹೋಗ್ಬಿಟ್ರು."

"ಸ್ವಾಮಿ ಅಂದ್ರೆ ಯಾರು? ಇವರು ಯಾಕೆ ಸ್ವಾಮಿ?" ಎಂದ ಮಗ.

"ನೋಡಿದ್ರಾ," ಎಂದಳು ತಾಯಿ.

ಮನೆಯಲ್ಲಿ ಮಾತು ಬರಿಸಬೇಕಾದ ಮಗಳು, ಬಾಗಿಲಲ್ಲಿ ಮಾತು ನಿಲ್ಲಿಸಬೇಕಾದ ಹುಡುಗ. ಎರಡೂ ತನ್ನಿಂದಾಗುವುದಿಲ್ಲ ಎಂದು ಕೊಡೆಯಪ್ಪನಿಗೆ ಖಾತರಿಯಿತ್ತು. ಹೇಳುವ ಧೈರ್ಯ ಸಾಲದೆ, "ಶನಿವಾರ ನೋಡೋಣ," ಎಂದುಬಿಟ್ಟ. ಆ ಶನಿವಾರವೇ ಅಕ್ಕ ಬರುವವಳಿದ್ದಳು. ಮೊದಲ ಪಕ್ಷದವರ ದೂರಿನ ಮೇಲೆ ನಗರಸಭೆಯ ಇನ್‌ಸ್ಪೆಕ್ಟರೂ ಅದೇ ಶನಿವಾರವನ್ನು ಆರಿಸಿಕೊಂಡಿದ್ದ. ಕೆಟ್ಟದ್ದೆಲ್ಲ ಒಂದೇ ಬಸ್ಸು ಹಿಡಿದು ಬರುವುದು ಕೊಡೆಯಪ್ಪನ ಇಲಾಖೆಯಲ್ಲಿ ಹೊಸದೇನಲ್ಲ.

ಆ ದಿನ ಮೊದಲು ಬಾಗಿಲು ತಳ್ಳಿದವನು ಇನ್‌ಸ್ಪೆಕ್ಟರು. ಹಿಂದೆ ಕ್ಷೌರದಂಗಡಿಯವನು, ಕೈಯಲ್ಲಿ ಬಾಚಣಿಗೆ.

"ಇಲ್ಲಿ ಏನು ನಡೀತಿದೆ?" ಎಂದ ಇನ್‌ಸ್ಪೆಕ್ಟರು.

ಹೆಣೆಯುತ್ತಿದ್ದವರೆಲ್ಲ ತಲೆಯೆತ್ತಿ, ಹೆಣಿಗೆ ಕಡ್ಡಿಯಿಂದ ಬಾಗಿಲಿನ ಬೋರ್ಡು ತೋರಿಸಿದರು. ಇನ್‌ಸ್ಪೆಕ್ಟರು ಹಿಂದೆ ತಿರುಗಿ ಓದಿದ.

"ಇದನ್ನ ಬರೆದಿದ್ದು ಯಾರು?"

ಮತ್ತೆ ಬೋರ್ಡು.

"ರೀ, ನಾನು ಅಧಿಕಾರಿ. ಕೇಳೋದೇ ನನ್ನ ಕೆಲಸ."

"ನನ್ನದೂ ಅದೇ ಕೆಲಸ ಸಾರ್," ಎಂದು ಕೊಡೆಯಪ್ಪ ವಿನಯದಿಂದ ಎದ್ದು ನಿಂತ. ಬುಟ್ಟಿಯಿಂದ ಮಫ್ಲರೂ ಅವನ ಜೊತೆಗೆ ಎದ್ದಿತು. "ಅದಕ್ಕೇ ಇಲ್ಲಿ ಬಿಡುವು."

ಅಷ್ಟರಲ್ಲಿ ಅಕ್ಕ ಬಂದಳು. ಕೈಯಲ್ಲಿ ದೊಡ್ಡ ಖಾಲಿ ಪೆಟ್ಟಿಗೆ. ಅವಳ ಬೆನ್ನಿಗೇ ತಾಯಿ ಮತ್ತು ಪ್ರಶ್ನೆಯ ಹುಡುಗ. ಹುಡುಗ ಎಲ್ಲರ ಕಾಲಡಿಯಿಂದ ನುಸುಳಿ ಒಳಗೆ ಬಂದು ಕಣ್ಣುಬಾಯಿ ಬಿಟ್ಟು ನಿಂತ.

"ಇದೇನು? ಇಷ್ಟುದ್ದ ಯಾಕೆ? ಇದು ಯಾರ ಕುತ್ತಿಗೆಗೆ? ಅಷ್ಟುದ್ದ ಕುತ್ತಿಗೆ ಯಾರಿಗಿದೆ? ಇದು ಯಾವಾಗ ಮುಗಿಯುತ್ತೆ?"

ಎಲ್ಲರ ಮನಸ್ಸಿನಲ್ಲಿ ಕೂತಿದ್ದ ಪ್ರಶ್ನೆಯದು. ಎಲ್ಲರೂ ಕೊಡೆಯಪ್ಪನನ್ನು ನೋಡಿದರು.

"ಹೇಳಪ್ಪಾ ತಜ್ಞ," ಎಂದಳು ಅಕ್ಕ. "ಯಾವಾಗ ಮುಗಿಯುತ್ತೆ?"

ಕೊಡೆಯಪ್ಪ ಬುಟ್ಟಿಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದ. "ಹೆಣಿಗೆ ಅನ್ನೋದು ಮುಗಿಯೋದಲ್ಲ ಅಕ್ಕಾ. ಅದು ನಡೀತಾ ಇರೋದು."

"ಎಂಥಾ ಮಾತು ಸ್ವಾಮೀ," ಎಂದು ತಾಯಿ ಕಣ್ಣೊರೆಸಿಕೊಂಡಳು.

"ಅಂದ್ರೆ ಮುಗಿಸೋಕೆ ಬರಲ್ಲ," ಎಂದಳು ಅಕ್ಕ.

ಕ್ಷೌರದಂಗಡಿಯವನ ಬಾಚಣಿಗೆ ಕೆಳಗೆ ಬಿತ್ತು. ಗುರುವಿನ ಪೀಠ ಕಣ್ಣೆದುರೇ ಕುಸಿಯುವುದನ್ನು ಅವನು ಮೊದಲ ಸಲ ನೋಡುತ್ತಿದ್ದ. ಅಕ್ಕ ಕೋಣೆಯನ್ನೊಮ್ಮೆ ತನಿಖೆ ಮಾಡಿದಳು. ಬೋರ್ಡು ಓದಿದಳು. ಪುಟ್ಟಿಯ ಮುಚ್ಚಿದ ಬಾಯಿ ನೋಡಿದಳು.

"ತಮ್ಮಾ, ಸಂಘ ಅಂದ್ರೆ ಮಾತುಕತೆ ಇರಬೇಕು. ನೀನು ಮಾತಾಡದವರನ್ನೆಲ್ಲ ಹುಡುಕಿ ತಂದು ಕೂರಿಸಿದೀಯ. ಪುಟ್ಟೀ, ಏಳು. ಸಂಜೆ ಬಸ್ಸಿಗೆ ಹೋಗೋಣ."

ಕೊಡೆಯಪ್ಪ ಏನೋ ಹೇಳಹೋದ. ಬಾಯಿ ತೆರೆಯಿತು, ಮಾತು ಬರಲಿಲ್ಲ. ಮಗಳಿಗೆ ದಿನಾ ಆಗುವುದು ಇದೇ ಎಂದು ಆಗ ಅವನಿಗೆ ತಿಳಿಯಿತು.

ಪುಟ್ಟಿ ಎದ್ದಳು. ಎರಡು ಹೆಜ್ಜೆ ಇಟ್ಟಳು. ಮೂರನೆಯದು ಇಡಲಾಗಲಿಲ್ಲ. ಕೈಯಲ್ಲಿದ್ದ ಹಸಿರು ಮಫ್ಲರಿನ ಇನ್ನೊಂದು ತುದಿ ಗಾಲಿಕುರ್ಚಿಯ ಚಕ್ರದಡಿ ಸಿಕ್ಕಿಕೊಂಡಿತ್ತು. ಅಕ್ಕ ಎಳೆದಳು. ಬರಲಿಲ್ಲ. ಇನ್‌ಸ್ಪೆಕ್ಟರೂ ಒಂದು ಕೈ ಹಾಕಿದ. ಬರಲಿಲ್ಲ.

"ಬ್ರೇಕ್ ಹಾಕಿದೀನಿ," ಎಂದಳು ಗಾಲಿಕುರ್ಚಿಯ ಹುಡುಗಿ, ತಲೆಯೆತ್ತದೆ ಹೆಣೆಯುತ್ತಾ. "ತೆಗೆಯಲ್ಲ."

"ನಾನೂ ಏಳಲ್ಲ," ಎಂದ ಉದ್ದನೆಯ ಹುಡುಗ. ಅವನು ಬಾಗಿಲಿಗೆ ಅಡ್ಡವಾಗಿ ಕಾಲು ಚಾಚಿ ಕೂತಿದ್ದ. ಅವನ ಕಾಲು ಬಾಗಿಲಿಗೆ ಸಾಕಾಗಿ ಮಿಗುತ್ತಿತ್ತು.

ಪುಟ್ಟಿ ಅವರಿಬ್ಬರನ್ನೂ ನೋಡಿದಳು. ಅಪ್ಪನನ್ನು ನೋಡಿದಳು. ಕೈಯಲ್ಲಿದ್ದ ಮಫ್ಲರನ್ನು ನೋಡಿದಳು. ಆಮೇಲೆ ಎಲ್ಲರೆದುರಿಗೆ, ಇನ್‌ಸ್ಪೆಕ್ಟರನ ಎದುರಿಗೆ, ಬಾಚಣಿಗೆ ಹುಡುಕುತ್ತಿದ್ದ ಕ್ಷೌರದಂಗಡಿಯವನ ಎದುರಿಗೆ, ಬಾಯಿ ತೆರೆದಳು.

"ಅತ್ತೇ, ಇದನ್ನ ಮುಗಿಸೋದು ನಿಮಗೆ ಬರುತ್ತಾ?"

ಅಕ್ಕ ಮೂವತ್ತು ವರ್ಷ ಪ್ರಶ್ನೆ ಕೇಳಿ ಪಿಂಚಣಿ ಪಡೆದವಳು. ಮನೆಯಲ್ಲೂ ಶಾಲೆಯಲ್ಲೂ ಅವಳನ್ನು ಯಾರೂ ಏನೂ ಕೇಳಿದ್ದಿಲ್ಲ. ಕೇಳುವ ಧೈರ್ಯ ಯಾರಿಗಿತ್ತು.

"ಬರುತ್ತೆ," ಎಂದಳು. ದನಿ ಮೆತ್ತಗಾಗಿತ್ತು.

"ಹೇಳಿಕೊಡ್ತೀರಾ?"

ಅಕ್ಕ ಪೆಟ್ಟಿಗೆಯನ್ನು ನೆಲಕ್ಕಿಟ್ಟು ಅದರ ಮೇಲೆಯೇ ಕೂತಳು. ಮಫ್ಲರನ್ನು ತೊಡೆಯ ಮೇಲೆಳೆದುಕೊಂಡಳು. "ಎರಡು ಕುಣಿಕೆ ಹೆಣಿ. ಮೊದಲನೇದನ್ನ ಎರಡನೇದರ ತಲೆ ಮೇಲಿಂದ ದಾಟಿಸಿ ಬಿಟ್ಟುಬಿಡು. ಒಂದು ಉಳೀತು. ಮತ್ತೆ ಒಂದು ಹೆಣಿ, ಮತ್ತೆ ದಾಟಿಸು. ಕೊನೇದೊಂದು ಉಳಿದಾಗ ದಾರ ಕತ್ತರಿಸಿ ಅದರೊಳಗಿಂದ ಎಳೆದುಬಿಟ್ರೆ ಆಯ್ತು."

"ಅಷ್ಟೇನಾ?" ಎಂದ ಪರೀಕ್ಷೆಯ ಹುಡುಗ.

"ಇನ್ನೊಂದ್ಸಲ ತೋರಿಸ್ತೀರಾ ಮೇಡಂ?" ಎಂದ ಉದ್ದನೆಯವನು. ಬಾಗಿಲಿನಿಂದ ಕಾಲು ತೆಗೆದಿದ್ದ.

"ಅಂಚು ಸುರುಳಿ ಯಾಕೆ ಬೀಳುತ್ತೆ?" ಎಂದಳು ಎರಡು ಮನೆಯ ಹುಡುಗಿ.

ವಾರಗಟ್ಟಲೆ ಕಟ್ಟಿಟ್ಟ ಪ್ರಶ್ನೆಗಳೆಲ್ಲ ಒಮ್ಮೆಗೇ ನುಗ್ಗಿದವು. ಎಲ್ಲವೂ ಹೆಣಿಗೆಯವೇ. ಎತ್ತರವಾಗಲಿ, ಕಾಲಾಗಲಿ, ಅಂಕವಾಗಲಿ ಯಾರ ಬಾಯಲ್ಲೂ ಬರಲಿಲ್ಲ. ಅಕ್ಕನೂ ಯಾರನ್ನೂ ಏನೂ ಕೇಳಲಿಲ್ಲ. ಅವಳಿಗೆ ಪುರುಸೊತ್ತೇ ಇರಲಿಲ್ಲ. ಇನ್‌ಸ್ಪೆಕ್ಟರು ವರದಿ ಬರೆಯಲು ಪೆನ್ನು ತೆಗೆದ. ಅಷ್ಟರಲ್ಲಿ ಗಾಲಿಕುರ್ಚಿಯ ಹುಡುಗಿ ಅವನ ಎರಡೂ ಕೈಗೆ ಬಿಚ್ಚಿದ ದಾರದ ಲಡಿ ತೂಗುಹಾಕಿ ಉಂಡೆ ಸುತ್ತತೊಡಗಿದಳು. ಉಂಡೆ ಮುಗಿಯುವ ಹೊತ್ತಿಗೆ ಕಚೇರಿಯ ಸಮಯವೂ ಮುಗಿದಿತ್ತು. "ದೂರಿನಲ್ಲಿ ಹುರುಳಿಲ್ಲ. ಬೆಚ್ಚಗಿದೆ," ಎಂದು ಎದ್ದ.

ಪ್ರಶ್ನೆಯ ಹುಡುಗ ಮೂಲೆಯಲ್ಲಿ ನಾಲಗೆ ಕಚ್ಚಿಕೊಂಡು ಕುಣಿಕೆ ಎಣಿಸುತ್ತಾ ಕೂತಿದ್ದ. ಬಹಳ ಹೊತ್ತಿನಿಂದ ಅವನು ಉಸಿರೆತ್ತಿರಲಿಲ್ಲ. ಅವನ ತಾಯಿ ಬಾಗಿಲಿನಿಂದಲೇ ಕೊಡೆಯಪ್ಪನಿಗೆ ಕೈಮುಗಿದು, ಸದ್ದಾಗದಂತೆ ಮನೆಗೆ ಹೋಗಿ, ವರ್ಷಗಳ ನಂತರ ಮಧ್ಯಾಹ್ನದ ನಿದ್ದೆಯನ್ನು ಸಂಜೆ ಮಾಡಿದಳೆಂದು ಆಮೇಲೆ ತಿಳಿಯಿತು. ಗುರುಪೀಠ ಹೋಯಿತೆಂದು ಕ್ಷೌರದಂಗಡಿಯವನು ಬೀದಿಗೆಲ್ಲ ಸಾರಿದರೂ ಆಕೆ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ.

ಅಕ್ಕ ಆ ಸಂಜೆಯ ಬಸ್ಸಿಗೆ ಹೋಗಲಿಲ್ಲ. ಮಾರನೆಯ ದಿನ ಹೊರಟಾಗ ಪೆಟ್ಟಿಗೆ ಖಾಲಿಯೇ ಇತ್ತು. ಒಳಗೆ ಒಂದು ಹಸಿರು ಮಫ್ಲರು ಮಾತ್ರ, ಅದೂ ಅಕ್ಕ ಕತ್ತರಿಸಿ ಕುತ್ತಿಗೆಯ ಅಳತೆಗೆ ತಂದಿದ್ದು. ಉಳಿದ ತುಂಡಿನಲ್ಲಿ ಇಡೀ ಸಂಘಕ್ಕೆ ಒಂದೊಂದಾಗಿ, ಲಾಂಡ್ರಿಯವನಿಗೂ ಒಂದು ಸಿಕ್ಕಿತು. ಬೋರ್ಡಿನ ಕೆಳಗೆ ಪುಟ್ಟಿ ತನ್ನ ಕೈಯಾರೆ, 'ಹೆಣಿಗೆಯದು ಕೇಳಬಹುದು' ಎಂದು ಸೇರಿಸಿದಳು. ಜಾಗ ಸಾಲದೆ ಕೊನೆಯ ಅಕ್ಷರ ಚೌಕಟ್ಟಿನ ಮೇಲೆ ಹೋಯಿತು.

ಬೀಳ್ಕೊಡಲು ಅಪ್ಪ ಮಗಳು ಬಸ್ ನಿಲ್ದಾಣಕ್ಕೆ ಬಂದರು. ಅಕ್ಕ ಕಿಟಕಿಯ ಪಕ್ಕ ಕೂತಳು. ಕೊಡೆಯಪ್ಪನ ಎದೆಯ ಮೇಲಿಂದ ಒಂದು ತಿಂಗಳ ಭಾರ ಇಳಿದಿತ್ತು. ಇನ್ನೇನು ಬಸ್ಸು ಹೊರಡಬೇಕು, ಫುಟ್‌ಬೋರ್ಡಿನ ಮೇಲೆ ನಿಂತಿದ್ದ ಕಂಡಕ್ಟರಮ್ಮ ಅವನನ್ನು ಕಂಡು ಮುಖವರಳಿಸಿ ಕೂಗಿದಳು.

"ಸಾರ್, ಚೆನ್ನಾಗಿದೀರಾ? ವಾಪಸ್ ಇದೇ ಡಿಪೋಗೆ ಹಾಕಿದಾರೆ. ನಿಮಗೆ ಮುಗಿಸೋ ಪಾಠ ಬಾಕಿ ಇತ್ತಲ್ಲಾ. ಅರ್ಧಕ್ಕೇ ಬಿಟ್ಟುಹೋದೆ ಪಾಪ."

ಅಕ್ಕನ ತಲೆ ಕಿಟಕಿಯಿಂದ ಹೊರಗೆ ಬಂತು.

"ಏನು ಪಾಠ? ಇವಳು ನಿಂಗೆ ಕಲಿಸಿದ್ದಾ? ಯಾವಾಗ? ಅಲ್ಲಾ, ನಿನ್ನ ತಜ್ಞ ಅಂದ ಜನ ಯಾರು?"

ಕೊಡೆಯಪ್ಪನ ಮುಖ ಇಳಿಯಿತು. ಬಾಯಿ ತೆರೆದ. ಅವನ ತೋಳನ್ನು ಒಂದು ಕೈ ಹಿಡಿಯಿತು. ಪುಟ್ಟಿ ಅಪ್ಪನ ಮುಂದೆ ಬಂದು ನಿಂತು, ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು.

"ಅತ್ತೇ, ಅದನ್ನೆಲ್ಲ ಕೇಳೋ ಹಾಗಿಲ್ಲ."

ಕಂಡಕ್ಟರಮ್ಮ ಸೀಟಿ ಊದಿದಳು.